ಸಂಘದ ಮಂಗಳವಾರ

ಪ್ರತಿ ಮಂಗಳವಾರ ಸಂಜೆ ನಮ್ಮ ಸ್ತ್ರೀಶಕ್ತಿ ಸಂಘದವರು ಅಂಗನವಾಡಿಯಲ್ಲಿ ಸೇರುತ್ತೇವೆ. ಉಳಿತಾಯದ ದುಡ್ಡು, ಸಾಲದ ಕಂತು ಎಲ್ಲ ಪುಸ್ತಕಕ್ಕೆ ಬರೆಯೋದು ಅರ್ಧ ಗಂಟೆಯ ಕೆಲಸ. ಆಮೇಲೆ ಮಾತೇ ಜಾಸ್ತಿ. ವಿ.ಸಿ. ನಾಲೆಯಲ್ಲಿ ನೀರು ಬಿಟ್ಟರಾ, ಆಲೆಮನೆಯಲ್ಲಿ ಬೆಲ್ಲ ಹೇಗೆ ಬರ್ತಿದೆ, ಯಾರ ಮಗಳಿಗೆ ಗಂಡು ನೋಡ್ತಿದ್ದಾರೆ, ಹೀಗೆ.

ಹೋದ ವಾರ ಎಲ್ಲರೂ ಮಂಡ್ಯದಿಂದ ಮೇಲುಕೋಟೆಗೆ ಹೋಗಿದ್ದೆವು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ನಮಗೆ ಚಾರ್ಜಿನ ಚಿಂತೆ ಇಲ್ಲ ನೋಡಿ. ದರ್ಶನ ಮುಗಿಸಿ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆವು. ಆಗ ಪಕ್ಕದ ಮನೆ ದೊಡ್ಡಮ್ಮ ಸುಮ್ನೆ ನೀರನ್ನೇ ನೋಡುತ್ತಾ, "ಮದ್ವೆಯಾಗಿ ನಲವತ್ತು ವರ್ಸಾಯ್ತು ಕಣವ್ವ. ಮನೆಯೋರು ಜೊತೇಲಿ ಇಲ್ದೆ ನಾನು ಊರು ದಾಟಿದ್ದು ಇದೇ ಮೊದ್ಲು" ಅಂದರು.

ಯಾರಿಗೂ ಮಾತು ಹೊರಡಲಿಲ್ಲ. ಇಷ್ಟು ಹತ್ತಿರದ ಊರಿಗೆ ನಲವತ್ತು ವರ್ಷ ಬೇಕಾಯ್ತಲ್ಲ! ನನಗೆ ಗಂಟಲು ಕಟ್ಟಿತು. ನನ್ನ ಅಮ್ಮನೂ ಹೀಗೇ ಇದ್ದರು ಅಲ್ವಾ ಅಂತ ಆಗ ಹೊಳೆಯಿತು.

ಯೋಗಾನರಸಿಂಹಸ್ವಾಮಿ ಬೆಟ್ಟ ಹತ್ತುವಾಗ ದೊಡ್ಡಮ್ಮನೇ ಎಲ್ಲರಿಗಿಂತ ಮುಂದೆ. ಮುಂದಿನ ಸಲ ಎಲ್ಲಿಗೆ ಅನ್ನೋದನ್ನ ಅವರೇ ಹೇಳಬೇಕು ಅಂತ ಸಂಘದಲ್ಲಿ ತೀರ್ಮಾನವಾಗಿದೆ.

ಕಡಲು ನೋಡ್ಬೇಕಂತೆ.