ಹಂಚಿನ ಬೆನ್ನ ಮೇಲಿನ ಹೆಸರು: ಮಳೆ ಹಿಡಿಯುವ ಹೊತ್ತಿಗೆ ಎಲ್ಲಿಗೆ ಬಂತು?

ಮಳೆ ಹಿಡಿಯಿತು. ಇನ್ನು ನವರಾತ್ರಿವರೆಗೆ ಹಳೆ ಹಂಚಿನ ಮುದ್ರೆಗಳ ಫೋಟೋ ತೆಗೆಯುವ ನನ್ನ ಕೆಲಸ ಬಂದ್. ಮಾಡು, ಅಂದರೆ ಹಂಚಿನ ಛಾವಣಿ, ಬಿಚ್ಚುವುದೆಲ್ಲ ಏಪ್ರಿಲ್, ಮೇಯಲ್ಲಿ. ನನ್ನ ಸೀಸನ್ನೂ ಅಷ್ಟೇ. ಈ ಸಲ ತಿರುಗಿದ್ದು ಮಂಗಳೂರಿನ ಜೆಪ್ಪು, ಬೋಳಾರ, ಹೊಯ್ಗೆ ಬಜಾರ್ ಸುತ್ತಮುತ್ತ. ಉಳ್ಳಾಲದ ಕಡೆ ಹೋಗಲು ಆಗಲಿಲ್ಲ. ತೆಗೆದದ್ದರಲ್ಲಿ ಮುಕ್ಕಾಲು ಪಾಲು ಯಾರು ಬೇಕಾದರೂ ಬಳಸಬಹುದಾದ ಫೋಟೋಗಳ ಜಾಲತಾಣ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ ಆಯಿತು. ಉಳಿದದ್ದಕ್ಕೆ ವಿವರ ಬರೆಯಲು ಬಾಕಿ ಉಂಟು.

ಹೊಸಬರಿಗೆ ಹೇಳುವುದಾದರೆ, ಹಳೆ ಮಂಗಳೂರು ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಮುಚ್ಚಿಗೆ (ಒಳಸೀಲಿಂಗ್) ಇಲ್ಲದ ಮನೆಯಲ್ಲಿ ಮಲಗಿ ಮೇಲೆ ನೋಡಿದರೆ ಹಂಚು ಹೊರುವ ಮರದ ಪಕ್ಕಾಸು, ರೀಪುಗಳ ನಡುವೆ ಅಕ್ಷರಗಳು ಕಾಣುತ್ತವೆ. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್. 1868ಕ್ಕೆ ಆಲ್ಬುಕರ್ಕ್ ಅವರದ್ದು ಬಂತು. ನೇತ್ರಾವತಿ, ಗುರುಪುರ ಹೊಳೆ ಬದಿಯ ಆವೆಮಣ್ಣು, ಪಕ್ಕದಲ್ಲೇ ಬಂದರು. ಇನ್ನೇನು ಬೇಕು? ಆಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ಒಂದೊಂದಕ್ಕೂ ಒಂದೊಂದು ಮುದ್ರೆ.

ಇಲ್ಲಿ ಒಂದು ಮಾತು. ಹಂಚಿನ ಮೇಲೆ 1865 ಅಂತ ಇದ್ದರೆ ಆ ಹಂಚು ಆ ವರ್ಷದ್ದಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಶನ್‌ನ ಉದ್ಯಮಗಳು ಬ್ರಿಟಿಷರ ಕೈಗೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಬಂದವು. ಹಾಗಾಗಿ ಕಾಲ ಹೇಳುವುದು ಇಸವಿ ಅಲ್ಲ, ಮುದ್ರೆಯಲ್ಲಿರುವ ಒಡೆಯರ ಹೆಸರು. ಒಂದೇ ಮಾಡಿನಲ್ಲಿ ಬೇರೆ ಬೇರೆ ಹೆಸರಿನ ಹಂಚು ಕಂಡರೆ, ನಡುವೆ ಯಾವಾಗಲೋ ರಿಪೇರಿ ಆಗಿದೆ ಅಂತ ಲೆಕ್ಕ.

ಫೋಟೋದ ಕ್ರಮ ಈಗ ಸ್ವಲ್ಪ ಸುಧಾರಿಸಿದೆ. ಅಡುಗೆಮನೆ ಹಂಚಾದರೆ ಮಸಿ ದಪ್ಪ ಇರುತ್ತದೆ. ತೆಂಗಿನ ನಾರಿನಲ್ಲಿ ಮೆಲ್ಲ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಎದುರಿಂದ ಫ್ಲ್ಯಾಶ್ ಹೊಡೆದರೆ ಅಕ್ಷರ ಸತ್ತೇ ಹೋಗುತ್ತದೆ. ಟಾರ್ಚನ್ನು ಬದಿಗೆ, ಹಂಚಿನ ಮಟ್ಟಕ್ಕೇ ಹಿಡಿಯಬೇಕು. ಆಗ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ.

ಇಷ್ಟು ವರದಿ. ಇನ್ನು ಬೋಳಾರದ ಒಬ್ಬರು ಅಜ್ಜಿ ಕೇಳಿದ ಪ್ರಶ್ನೆ. "ಎಂತ ಮಗಾ, ಹಂಚಿನ ಫೋಟೋ ತೆಗೆದು ನಿಂಗೆ ಎಂತ ಸಿಗ್ತದೆ?" ನಾನು ಯಾವಾಗಲೂ ಹೇಳುವುದನ್ನೇ ಹೇಳಿದೆ: ದಾಖಲೆ ಆಗ್ಬೇಕಲ್ವಾ ಅಜ್ಜಿ, ಎಲ್ಲರೂ ಸ್ಲ್ಯಾಬ್ ಹಾಕ್ತಿದ್ದಾರೆ. ಅವರು ಹೂಂ ಅಂದು ಒಳಗೆ ಹೋದರು. ನಂಬಲಿಲ್ಲ ಅಂತ ಕಾಣುತ್ತದೆ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಇಂಥ ಕೆಲಸಕ್ಕೆ 'ಸೇವೆ' ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿ.

ಯಾಕೆ ಅಂದರೆ, ಮಾರ್ಚಿನಲ್ಲಿ ಒಂದು ಹೋಂಸ್ಟೇಯವರು ನನ್ನ ಫೋಟೋ ಒಂದನ್ನು ಜಾಹೀರಾತಿಗೆ ಹಾಕಿಕೊಂಡರು. ಹಾಕಿಕೊಳ್ಳಲಿ, ನಾನು ಕೊಟ್ಟ ಲೈಸೆನ್ಸಿನಲ್ಲಿ ವ್ಯಾಪಾರಕ್ಕೂ ಬಳಸಬಹುದು. ತೆಗೆದವರ ಹೆಸರು ಹಾಕಬೇಕು, ಅಷ್ಟೇ. ಹಾಕಿರಲಿಲ್ಲ. ನನಗೆ ಬಂದ ಸಿಟ್ಟು ನೋಡಿ ಮನೆಯವಳು ನಕ್ಕಳು. "ದಾಖಲೆ ಆಯ್ತಲ್ಲ, ಮತ್ತೆ ಎಂತ ನಿಮ್ಮದು?" ಉತ್ತರ ಇರಲಿಲ್ಲ. ಹೆಸರು ಬೇಕು ಮಾರಾಯ್ರೆ, ಅದರಲ್ಲಿ ಮುಚ್ಚಿಡುವುದು ಎಂತದ್ದು? ಹಂಚು ಮಾಡಿದವರೂ ಸುಮ್ನೆ ಹೆಸರು ಒತ್ತಿದ್ದಲ್ಲ. ಮುದ್ರೆ ನೋಡಿಯೇ ಜನ ಹಂಚು ಕೇಳುತ್ತಿದ್ದರು.

ಆದರೆ ಹೆಸರೊಂದೇ ಆಗಿದ್ದರೆ ಫೋಟೋ ಹಾಕಿ ಬಿಡಬಹುದಿತ್ತು. ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆಯುವ ಕರ್ಮ ಯಾಕೆ? ಇದಕ್ಕೆ ಉತ್ತರ ಮೇ ಕೊನೆಗೆ ಸಿಕ್ಕಿತು. ಒಂದು ಹಂಚಿನ ಮೂಲೆಯಲ್ಲಿ, ಮುದ್ರೆಯಿಂದ ದೂರ, ಬೆರಳು ಒತ್ತಿದ ಗುರುತು ಇತ್ತು. ಸಣ್ಣ ಬೆರಳು, ಗೆರೆಗಳೂ ಕಾಣುವಷ್ಟು ಸ್ಪಷ್ಟ. 'ಯಾರದ್ದೋ ಬೆರಳು' ಅಂತ ಬರೆದು ಹಾಕಿದ್ದೆ. ಮುಂಬೈಯಿಂದ ಒಬ್ಬರು ಬರೆದರು. ಅವರ ಅಜ್ಜಿ ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ಕತ್ತರಿಸುವ ಕೆಲಸದಲ್ಲಿದ್ದರಂತೆ. ಅಚ್ಚಿನಿಂದ ಬಂದ ಹಂಚಿನ ಸುತ್ತ ಹೆಚ್ಚಿದ ಮಣ್ಣನ್ನು ತೆಗೆದು, ಎತ್ತಿ ಒಣಗಲು ಇಡುವಾಗ ಹೀಗೆ ಬೆರಳು ಮೂಡುತ್ತಿತ್ತಂತೆ. ಸಂಜೆ ಮನೆಗೆ ಬಂದರೂ ಉಗುರಿನೊಳಗಿನ ಮಣ್ಣು ಹೋಗುತ್ತಿರಲಿಲ್ಲವಂತೆ.

ಈ ಸಂಗತಿಯನ್ನು ನಾನು ಯಾರ ಮನೆ ಬಾಗಿಲು ತಟ್ಟಿ ಕೇಳಲಿ? ಏನು ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ನಮ್ಮವರು ಹಾಗೆಲ್ಲ ಕೇಳಿದರೆ ಹೇಳುವವರೂ ಅಲ್ಲ. "ಅದರಲ್ಲಿ ಎಂತ ಉಂಟು" ಅಂದುಬಿಡುತ್ತಾರೆ. ಅರ್ಧಂಬರ್ಧ ಬರೆದದ್ದನ್ನು ಮುಂದಿಟ್ಟರೆ ಮಾತ್ರ "ಹಾಗಲ್ಲ ಅದು, ಹೀಗೆ" ಅಂತ ಬಾಯಿ ಬಿಡುತ್ತಾರೆ. ಆ 'ಹಾಗಲ್ಲ'ಕ್ಕೆ ಕಾದೇ ನಾನು ಬರೆಯುವುದು. ಲೈಕಿನ ಆಸೆಯೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹಂಚಿನ ಫೋಟೋಕ್ಕೆ ಬೀಳುವ ಲೈಕು ಎಷ್ಟು ಅಂತ ನಿಮಗೂ ಗೊತ್ತು.

ಮಳೆಗಾಲದ ಕೆಲಸ: ಉಳಿದ ಫೋಟೋಗಳ ವಿವರ, ಕಾರ್ಖಾನೆ ಪ್ರಕಾರ ಜೋಡಣೆ. ಮುಂಬೈಯವರು ಒಪ್ಪಿದ್ದಾರೆ, ಅವರ ಮಾತನ್ನು ಅವರ ಭಾಷೆಯಲ್ಲೇ ಆ ಹಂಚಿನ ವಿವರಕ್ಕೆ ಸೇರಿಸಬೇಕು. ಬೋಳಾರದ ಅಜ್ಜಿಗೆ ಒಂದು ಪ್ರಿಂಟ್ ಹಾಕಿಸಿ ಕೊಡುವುದಿದೆ. ಹಳೆ ಮುದ್ರೆಯ ಹಂಚು ನಿಮ್ಮ ಕೊಟ್ಟಿಗೆಯಲ್ಲೋ ಬಚ್ಚಲಿನ ಮಾಡಿನಲ್ಲೋ ಇದ್ದರೆ, ಬಿಚ್ಚುವ ಮೊದಲು ಒಂದು ಮಾತು ತಿಳಿಸಿ. ಟಾರ್ಚ್ ನಾನೇ ತರುತ್ತೇನೆ.