ಸನ್ಮೈಕಾ ಕಪಾಟಿಗೆ ಬಣ್ಣ ನಿಲ್ಲಬೇಕಾದರೆ

ಸನ್ಮೈಕಾ ಮೇಲೆ ಬಣ್ಣ ನಿಲ್ಲುವುದಿಲ್ಲ ಎನ್ನುವವರು ನಮ್ಮ ಕಲಬುರಗಿಯಲ್ಲಿ ಬಹಳ ಮಂದಿ. ಕಟ್ಟಿಗೆಗೆ ಹಚ್ಚುವ ಮಾಮೂಲಿ ಪ್ರೈಮರ್ ಬಳಿದು, ಮೇಲೆ ಎನಾಮೆಲ್ ಎಳೆದರೆ ಅವರ ಮಾತು ನೂರಕ್ಕೆ ನೂರು ನಿಜ. ಕೆಲವು ತಿಂಗಳಲ್ಲಿ ಹಿಡಿಕೆಯ ಹತ್ತಿರ ಉಗುರು ತಾಗಿದರೆ ಸಾಕು, ಬಣ್ಣ ಹಾಲಿನ ಕೆನೆಯ ಹಾಗೆ ಹಾಳೆಹಾಳೆಯಾಗಿ ಎದ್ದು ಬರುತ್ತದೆ. ತಪ್ಪು ಬಣ್ಣದ್ದಲ್ಲ, ಕೆಳಗಿನ ಅಸ್ತರದ್ದು, ಅಂದರೆ ಪ್ರೈಮರಿನದು.

ಕಟ್ಟಿಗೆಗೆ ರಂಧ್ರಗಳಿವೆ, ಅದು ಪ್ರೈಮರನ್ನು ಕುಡಿಯುತ್ತದೆ. ಸನ್ಮೈಕಾ ಕುಡಿಯುವುದಿಲ್ಲ. (ಸನ್ಮೈಕಾ ಎಂಬುದು ಒಂದು ಬ್ರ್ಯಾಂಡಿನ ಹೆಸರು, ನಮ್ಮಲ್ಲಿ ಎಲ್ಲ ಲ್ಯಾಮಿನೇಟಿಗೂ ಅದೇ ಹೆಸರು ನಿಂತಿದೆ.) ಅದರ ಮೈಯೆಂದರೆ ಮೆಲಮೈನ್ ರಾಳದಲ್ಲಿ ಅದ್ದಿದ ವಿನ್ಯಾಸದ ಕಾಗದ, ಅದರ ಕೆಳಗೆ ಫಿನಾಲಿಕ್ ರಾಳ ಹೀರಿದ ಕಂದು ಕ್ರಾಫ್ಟ್ ಕಾಗದದ ಪದರಗಳು. ಎಲ್ಲವನ್ನೂ ಕಾಯಿಸಿ, ಒತ್ತಿ ಒಂದೇ ಹಾಳೆ ಮಾಡಿರುತ್ತಾರೆ. ಇಂಥ ಮೈಗೆ ಬಣ್ಣ ಅಂಟಬೇಕಾದರೆ ಎರಡು ಆಸರೆ ಬೇಕು: ಪಾಲಿಶ್ ಪೇಪರ್ ಎಬ್ಬಿಸುವ ಸಣ್ಣ ಗೀರುಗಳು, ಮತ್ತು ನುಣುಪು ಮೈಯನ್ನೂ ಹಿಡಿಯುವ ಪ್ರೈಮರ್.

ಮೊದಲು ಅದು ಸನ್ಮೈಕಾನೇ ಹೌದೋ ನೋಡಿ. ಬಾಗಿಲಿನ ಒಳಮೂಲೆಯಲ್ಲಿ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ಏನೂ ಆಗದಿದ್ದರೆ ಲ್ಯಾಮಿನೇಟ್. ಮೈ ಅಂಟಂಟಾದರೆ ಅಥವಾ ಬಣ್ಣ ಬಟ್ಟೆಗೆ ಬಂದರೆ ಅದು ಪಿವಿಸಿ ಹಾಳೆ, ಅಕ್ರಿಲಿಕ್ ಅಥವಾ ಹಳೆಯ ಪೇಂಟ್. ಈ ಬರಹದ ಕ್ರಮ ಅದಕ್ಕೆ ಹೊಂದುವುದಿಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ಇಡೀ ಬಾಗಿಲನ್ನು ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಂಟು ಬಿಟ್ಟಿದೆ. ಪಡುವಣ ಬಿಸಿಲು ಬೀಳುವ ಕೋಣೆಗಳಲ್ಲಿ, ಗ್ಯಾಸ್ ಒಲೆಯ ಪಕ್ಕದಲ್ಲಿ ಹೀಗಾಗುವುದು ಹೆಚ್ಚು. ಅಂಚು ಎದ್ದಿದ್ದರೆ ಒಳಗಿನ ದೂಳು ತೆಗೆದು, ರಬ್ಬರ್ ಅಂಟನ್ನು ಎರಡೂ ಮೈಗೆ ತೆಳ್ಳಗೆ ಸವರಿ, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಿ ಕೂಡಿಸಿ. ಸಡಿಲ ಹಾಳೆಯ ಮೇಲೆ ಎಷ್ಟೇ ಒಳ್ಳೆಯ ಪೇಂಟ್ ಹಾಕಿದರೂ ಅದು ಹಾಳೆಯ ಜೊತೆಗೇ ಬೀಳುತ್ತದೆ.

ಹಿಡಿಕೆ, ಕೊಂಡಿ, ಬೀಗ ಎಲ್ಲ ಬಿಚ್ಚಿ. ಕೀಲುಗಳಿಗೆ ಬಾಗಿಲಿನ ನಂಬರ್ ಬರೆದ ಟೇಪ್ ಅಂಟಿಸಿ, ತಿರುಗಿ ಜೋಡಿಸುವಾಗ ಗೊಂದಲ ತಪ್ಪುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಎರಡು ಸಲ ಒರೆಸಿ. ಹಿಡಿಕೆಯ ಸುತ್ತ ಕೈಜಿಡ್ಡು, ಕನ್ನಡಿಯ ಬಾಗಿಲಲ್ಲಿ ಬೊಟ್ಟಿನ ಸ್ಟಿಕ್ಕರಿನ ಗೋಂದು, ದೇವರ ಕೋಣೆಯ ಕಪಾಟಿನ ಮೇಲೆ ಊದುಬತ್ತಿ ಹೊಗೆಯ ಪದರ, ಇವು ಕಣ್ಣಿಗೆ ಕಾಣದಿದ್ದರೂ ಇರುತ್ತವೆ. ಗೋಂದು ಬಿಡಿಸಲು ಸೀಮೆಎಣ್ಣೆ ಬಳಸಿದರೆ ಅದರ ಜಿಡ್ಡು ಉಳಿಯುತ್ತದೆ. ಮತ್ತೆ ಸೋಪು, ಆಮೇಲೆ ಸ್ಪಿರಿಟ್ ಹಾಕಿ ಒರೆಸಲೇಬೇಕು. ಬೋರ್‌ವೆಲ್ ನೀರು ಆರಿದಾಗ ಬಿಳಿ ಉಪ್ಪು ಬಿಡುವುದರಿಂದ ಕೊನೆಯ ಒರೆತಕ್ಕೆ ಫಿಲ್ಟರ್ ನೀರು ಇರಲಿ. ಸ್ವಚ್ಛವಾಯಿತೋ ಇಲ್ಲವೋ ತಿಳಿಯಲು ನಾಲ್ಕು ಹನಿ ನೀರು ಸವರಿ: ನೀರು ಮುತ್ತಿನ ಹಾಗೆ ಗುಂಡಗೆ ಕೂಡಿದರೆ ಜಿಡ್ಡು ಇನ್ನೂ ಇದೆ, ತೆಳ್ಳಗೆ ಹರಡಿ ನಿಂತರೆ ಹೋಗಿದೆ. ಜಿಡ್ಡು, ಅದರಲ್ಲೂ ಫರ್ನಿಚರ್ ಪಾಲಿಶಿನ ಸಿಲಿಕೋನ್ ಉಳಿದರೆ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಸಣ್ಣ ಗುಳಿಗಳು ಬೀಳುತ್ತವೆ. ಆ ಗುಳಿಯ ಮೇಲೆ ಮತ್ತೊಂದು ಕೋಟ್ ಹಾಕಿದರೆ ಮುಚ್ಚುವುದಿಲ್ಲ.

ಜಿಡ್ಡು ತೆಗೆಯದೆ ಉಜ್ಜಲು ಹೋಗಬೇಡಿ, ಪೇಪರ್ ಅದನ್ನು ಗೀರುಗಳೊಳಗೇ ತುಂಬಿಬಿಡುತ್ತದೆ. ಸ್ವಚ್ಛ ಒಣಮೈಯನ್ನು 180 ನಂಬರಿನ ಪೇಪರಿನಿಂದ ಶುರು ಮಾಡಿ 220ರಲ್ಲಿ ಮುಗಿಸಿ. ಪೇಪರನ್ನು ಕಟ್ಟಿಗೆಯ ಚಿಕ್ಕ ತುಂಡಿಗೆ ಸುತ್ತಿಕೊಂಡರೆ ಒತ್ತಡ ಒಂದೇ ಸಮ ಬೀಳುತ್ತದೆ. ಉದ್ದೇಶ ಸನ್ಮೈಕಾ ಕೀಳುವುದಲ್ಲ, ಹೊಳಪು ಕೊಲ್ಲುವುದು. ಮೊಬೈಲ್ ಟಾರ್ಚನ್ನು ಬಾಗಿಲಿಗೆ ಅಡ್ಡವಾಗಿ ಹಿಡಿದು ನೋಡಿ: ಎಲ್ಲ ಕಡೆ ಮಂಕು ಕಾಣಬೇಕು, ಎಲ್ಲಿ ಮಿಂಚುತ್ತದೋ ಅಲ್ಲಿ ನಾಳೆ ಬಣ್ಣ ಏಳುತ್ತದೆ. ವಿನ್ಯಾಸದ ಪದರ ಬಹಳ ತೆಳು. ಕಂದು ಬಣ್ಣ ಕಂಡ ತಕ್ಷಣ ಅಲ್ಲಿ ನಿಲ್ಲಿಸಿ. ಮರದ ಗೆರೆಯ ಉಬ್ಬುತಗ್ಗು ಇರುವ ಹಾಳೆಯಾದರೆ ಪೇಪರ್ ತಗ್ಗಿಗೆ ಇಳಿಯುವುದಿಲ್ಲ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಗೆರೆಯ ಉದ್ದಕ್ಕೇ ಉಜ್ಜಬೇಕು. ಚೂಪು ಅಂಚುಗಳನ್ನು ಒಂದೆರಡು ಎಳೆತದಲ್ಲಿ ಸ್ವಲ್ಪ ಮುರಿಯಿರಿ. ಚೂಪಿನಿಂದ ಹಸಿ ಬಣ್ಣ ಹಿಂದೆ ಸರಿದು ತೆಳ್ಳಗಾಗುತ್ತದೆ, ಸವೆತ ಶುರುವಾಗುವುದು ಅಲ್ಲಿಂದಲೇ.

ಒಡೆದ ಮೂಲೆಗಳಿಗೆ ಗೋಡೆಯ ಪುಟ್ಟಿ ಬೇಡ, ಅದು ಉದುರುತ್ತದೆ. ಗ್ಯಾರೇಜಿನಲ್ಲಿ ಕಾರಿನ ತಗ್ಗಿಗೆ ತುಂಬುವ ಪಾಲಿಯೆಸ್ಟರ್ ಪುಟ್ಟಿ ಒಳ್ಳೆಯದು: 100 ಗ್ರಾಂಗೆ ಸುಮಾರು 2 ಗ್ರಾಂ ಹಾರ್ಡನರ್ (ಅದನ್ನು ಗಟ್ಟಿ ಮಾಡುವ ಮಿಶ್ರಣ). ನಮ್ಮ ಬಿಸಿಲಿಗೆ ಅದು ಐದೇ ನಿಮಿಷದಲ್ಲಿ ಗಟ್ಟಿಯಾಗಬಹುದು, ಆದ್ದರಿಂದ ನಿಂಬೆ ಗಾತ್ರಕ್ಕಿಂತ ಹೆಚ್ಚು ಕಲಸಬೇಡಿ.

ಈಗ ಅಸ್ತರ. ಅಂಗಡಿಯಲ್ಲಿ ಬರೀ ಪ್ರೈಮರ್ ಕೊಡಿ ಎಂದರೆ ವುಡ್ ಪ್ರೈಮರ್ ಕೈಗೆ ಬರುತ್ತದೆ. ಲ್ಯಾಮಿನೇಟ್, ಟೈಲ್ಸ್, ಗಾಜಿಗೆ ಹಿಡಿಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ಬಾಂಡಿಂಗ್ ಪ್ರೈಮರ್ ಅಥವಾ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಕೇಳಿ. ಎಪಾಕ್ಸಿಯ ಅಳತೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ಹಾರ್ಡನರ್ ಕಡಿಮೆಯಾದರೆ ಎಂದೂ ಗಟ್ಟಿಯಾಗುವುದಿಲ್ಲ. ಹೆಚ್ಚಾದರೂ ಬೇಗ ಗಟ್ಟಿಯಾಗುವುದಿಲ್ಲ, ಪದರ ಹಾಳಾಗುತ್ತದೆ ಅಷ್ಟೇ. ತೆಳುವಾದ ಎರಡು ಕೋಟ್, ನಡುವೆ 320 ಪೇಪರಿನ ಹಗುರ ಒರೆತ. ಸನ್ಮೈಕಾ ಕಡುಗಂದು ಇದ್ದು ಮೇಲೆ ಬಿಳಿ ಬೇಕಾದರೆ ಮೂರನೆಯ ಕೋಟ್ ಬೇಕಾಗಬಹುದು.

ಇಲ್ಲಿ ಎರಡು ದಿನ ತಡೆಯಿರಿ. ಕಾಣದ ಕಡೆ ಬ್ಲೇಡಿನಿಂದ 2 ಮಿಲಿಮೀಟರ್ ಅಂತರದಲ್ಲಿ ಆರು ಉದ್ದ, ಆರು ಅಡ್ಡ ಗೆರೆ ಕೊರೆದು, ಟೇಪ್ ಒತ್ತಿ ಅಂಟಿಸಿ ಜಗ್ಗಿ. ಚೌಕಗಳು ನಿಂತರೆ ಮುಂದಿನ ಕೆಲಸ. ಟೇಪಿಗೆ ಎದ್ದು ಬಂದರೆ ಪೂರ್ತಿ ಉಜ್ಜಿ ತೆಗೆದು ಮತ್ತೆ ಶುರು ಮಾಡುವುದೇ ದಾರಿ. ಈ ಪರೀಕ್ಷೆ ಬಿಟ್ಟು ಮೇಲಿನ ಬಣ್ಣಕ್ಕೆ ಹಣ ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಅಳತೆಗೆ: 7 ಅಡಿ ಎತ್ತರ, 4 ಅಡಿ ಅಗಲ, 2 ಅಡಿ ಆಳದ ಕಪಾಟಿನ ಮುಂಭಾಗ 28 ಚದರಡಿ, ಎರಡು ಬದಿ ಸೇರಿ 28, ಅಂಚುಗಳು ಸೇರಿದರೆ ಸುಮಾರು 65. ಒಂದು ಲೀಟರ್ ಒಂದು ಕೋಟ್ ಹಚ್ಚಲು ಅಂದಾಜು 80ರಿಂದ 100 ಚದರಡಿ ಬರುತ್ತದೆ. ಎರಡೆರಡು ಕೋಟ್ ಹಚ್ಚಲು ಪ್ರೈಮರ್ ಒಂದೂವರೆ ಲೀಟರ್, ಬಣ್ಣ ಒಂದೂವರೆ ಲೀಟರ್ ಸಾಕು.

ಬಣ್ಣಕ್ಕೆ ಮನೆಯೊಳಗೆ ನೀರಿನ ಎನಾಮೆಲ್ ಅಥವಾ ನೀರಿನ ಪಿಯು (ಪಾಲಿಯುರೆಥೇನ್) ನನ್ನ ಆಯ್ಕೆ. ಎಣ್ಣೆಯ ಎನಾಮೆಲ್ ಗಂಟೆಗಟ್ಟಲೆ ಅಂಟಂಟಾಗಿದ್ದು ದೂಳನ್ನೆಲ್ಲ ಹಿಡಿಯುತ್ತದೆ. ಬಿಳಿಯಾದರೆ ಬೆಳಕಿಲ್ಲದ ಕಡೆ, ಅಂದರೆ ಕಪಾಟಿನ ಒಳಮೈಯಲ್ಲಿ, ಹಳದಿಗೆ ತಿರುಗುತ್ತದೆ. ಅದರ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಇರುವ ಬಣ್ಣ ಹಾಕಿದರೆ ಕೆಳಗಿನ ಪದರ ಸುಕ್ಕುಗಟ್ಟಿ ಏಳುತ್ತದೆ. ಎರಡು ಡಬ್ಬಿಯ ಪಿಯು ಎಲ್ಲಕ್ಕಿಂತ ಗಟ್ಟಿ, ನಿಜ. ಆದರೆ ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಅದನ್ನು ಸ್ಪ್ರೇ ಮಾಡಿದ ಗಾಳಿ ಉಸಿರಾಡಿದರೆ ಆಸ್ತಮಾ ಬರಬಹುದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ಮಕ್ಕಳು, ಮುದುಕರು ಇರುವ ಮನೆಯಲ್ಲಿ ಅದು ಖಂಡಿತ ಬೇಡ.

ಕಾಲವೂ ನೋಡಬೇಕು. ದೀಪಾವಳಿಯಿಂದ, ಹೋಳಿಯ ಬಳಿಕ ಬರುವ ಶರಣಬಸವೇಶ್ವರ ಜಾತ್ರೆಯವರೆಗೆ ಇಲ್ಲಿ ಹದವಾದ ಹವೆ. ಜಾತ್ರೆ ಮುಗಿದರೆ ಬಿಸಿಲು ಏರುತ್ತದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆಗ ನೀರಿನ ಬಣ್ಣ ರೋಲರ್ ಎತ್ತುವಷ್ಟರಲ್ಲೇ ಅಂಚಿನಲ್ಲಿ ಒಣಗಿ, ಎರಡನೆಯ ಪಟ್ಟಿ ಅದರ ಮೇಲೆ ಹತ್ತಿ ಗೆರೆ ಮೂಡುತ್ತದೆ. ಬೇಸಿಗೆಯಲ್ಲೇ ಮಾಡಬೇಕಾದರೆ ಬೆಳಗಿನ ಜಾವ ಐದಕ್ಕೆ ಶುರು ಮಾಡಿ ಎಂಟರೊಳಗೆ ಮುಗಿಸಿ. ಕೂಲರ್ ಹಚ್ಚಬೇಡಿ: ಅದು ಹಸಿ ಗಾಳಿಯ ಜೊತೆ ಹೊರಗಿನ ದೂಳನ್ನೂ ಒಳಗೆ ತಳ್ಳುತ್ತದೆ. ಒಂದು ಗಂಟೆ ಮೊದಲು ನೆಲ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಫ್ಯಾನ್ ನಿಲ್ಲಿಸಿ. ಶಹಾಬಾದ್ ಕಲ್ಲಿನ ನೆಲವಾದರೆ ದಪ್ಪ ಪ್ಲಾಸ್ಟಿಕ್ ಹಾಸಿ. ಪಾಲಿಶ್ ಇಲ್ಲದ ಕಲ್ಲು ಎಣ್ಣೆಬಣ್ಣ ಕುಡಿದರೆ ಕಲೆ ಹೋಗುವುದಿಲ್ಲ.

ಬಾಗಿಲುಗಳನ್ನು ಎರಡು ಸ್ಟೂಲಿನ ಮೇಲೆ ಅಡ್ಡಡ್ಡ ಮಲಗಿಸಿದರೆ ಬಣ್ಣ ಇಳಿಯುವುದಿಲ್ಲ. 4 ಇಂಚಿನ ದಟ್ಟ ಫೋಮ್ ರೋಲರ್, ಮೂಲೆಗೆ ಒಂದು ಇಂಚಿನ ಬ್ರಷ್. ನೀರು ಬೆರೆಸುವುದು ಡಬ್ಬಿ ಹೇಳಿದಷ್ಟೇ. ಮೊದಲು ಅಂಚು, ತಕ್ಷಣ ಮೈ. ಒಂದೂವರೆ ಅಡಿಯ ಪಟ್ಟಿ ತುಂಬಿ, ಕೊನೆಗೆ ಒತ್ತದೆ ಉದ್ದಕ್ಕೆ ಒಂದು ಹಗುರ ಎಳೆತ. ಆಮೇಲೆ ಅದನ್ನು ಮುಟ್ಟಬೇಡಿ. ಅರೆ ಒಣಗಿದ ಬಣ್ಣದ ಮೇಲೆ ಹೋದ ರೋಲರ್ ಕಿತ್ತಳೆ ಸಿಪ್ಪೆಯಂಥ ಮೈ ಬಿಡುತ್ತದೆ. ನಾಲ್ಕರಿಂದ ಆರು ಗಂಟೆ ಬಿಟ್ಟು ಎರಡನೆಯ ಕೋಟ್.

ಮುಟ್ಟಿದರೆ ಒಣಗಿದೆ ಅನಿಸಿದರೂ ಒಳಗೆ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಎರಡು ದಿನದ ಮೇಲೆ ಬಾಗಿಲು ತೂಗುಹಾಕಬಹುದು, ಆದರೆ ಬಿಗಿಯಾಗಿ ಮುಚ್ಚಿಟ್ಟರೆ ಚೌಕಟ್ಟಿಗೆ ಅಂಟಿ, ತೆರೆಯುವಾಗ ಬಣ್ಣ ಕಿತ್ತು ಬರುತ್ತದೆ. ಮುಚ್ಚುವ ಕಡೆ ಸಣ್ಣ ರಬ್ಬರ್ ಬಿಲ್ಲೆ ಅಂಟಿಸಿ, ಮೊದಲ ವಾರ ಅರೆತೆರೆದೇ ಇಡಿ. ಒದ್ದೆ ಬಟ್ಟೆ, ಸೋಪು ತಿಂಗಳ ತನಕ ಬೇಡ. ರೊಟ್ಟಿ ತಟ್ಟುವ, ತರಕಾರಿ ಹೆಚ್ಚುವ ಅಡುಗೆಕಟ್ಟೆಯ ಸನ್ಮೈಕಾಕ್ಕೆ ಮಾತ್ರ ಈ ಕೆಲಸ ಮಾಡಬೇಡಿ. ಬಿಸಿ ಹಂಚು, ಚಾಕುವಿನ ಏಟನ್ನು ಯಾವ ಬಣ್ಣವೂ ತಡೆಯುವುದಿಲ್ಲ, ಕಿತ್ತ ಚೂರು ಹಿಟ್ಟಿಗೆ ಸೇರುತ್ತದೆ. ಉಳಿದ ಬಣ್ಣವನ್ನು ಸಣ್ಣ ಗಾಜಿನ ಬಾಟಲಿಗೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿಲು ತಾಗದ ಕಡೆ ಇಡಿ. ಹಿಡಿಕೆಯ ಹತ್ತಿರ ಗೀರು ಬಿದ್ದಾಗ ಅದೇ ಬಣ್ಣ ಸಿಗುತ್ತದೆ.