ಹತ್ತನೆಯ ಆಜ್ಞೆ

ಇಂದಿನ ಆರಾಧನೆಯಲ್ಲಿ ಬೈಬಲಿನಲ್ಲಿ ದೇವರು ಕೊಟ್ಟ ಹತ್ತು ಕಟ್ಟಳೆಗಳಾದ ದಶಾಜ್ಞೆಗಳನ್ನು ಓದುವಾಗ, ನರಹತ್ಯೆ, ಕಳವುಗಳನ್ನೆಲ್ಲ ನಿರಾಳವಾಗಿ ದಾಟಿದ ನನ್ನ ಮನಸ್ಸು ನೆರೆಯವನದನ್ನು ಆಶಿಸಬಾರದೆಂಬ ಕೊನೆಯ ಆಜ್ಞೆಯ ಬಳಿ (ಕಥೋಲಿಕರು ಇದನ್ನೇ ಎರಡಾಗಿ ಎಣಿಸುತ್ತಾರೆ) ತಡವರಿಸಿತು. ಪಕ್ಕದ ಮನೆಯವರ ಹೊಸ ಕಾರಿನ, ಪ್ಲಾಸ್ಟಿಕ್ ಹೊದಿಕೆಯನ್ನೂ ಇನ್ನೂ ತೆಗೆಯದ ಸೀಟುಗಳ ಮೇಲೆ ಆಗಷ್ಟೇ ಕಣ್ಣಾಡಿಸಿ ಬಂದಿದ್ದೆ. ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರಿಕೆಯ (ಪತ್ರದ) 7ನೆಯ ಅಧ್ಯಾಯದಲ್ಲಿ, ಕ್ರಿಸ್ತನ ಸಂದೇಶ ಸಾರಿದ ಅಪೊಸ್ತಲ ಪೌಲನು ತನಗೆ ಪಾಪದ ಅರಿವು ಮೂಡಿಸಿತೆಂದು ಹೆಸರಿಸುವುದೂ, ಯಾವ ಸಾಕ್ಷಿಯ ಕಣ್ಣಿಗೂ ಬೀಳದ ಒಳಗಿನ ಆಸೆಯನ್ನು ಹಿಡಿಯುವ ಈ ಆಜ್ಞೆಯನ್ನೇ. ಈ ಆಜ್ಞೆಗಳನ್ನೊಳಗೊಂಡ ಧರ್ಮಶಾಸ್ತ್ರ ಪಾಪವನ್ನು ತೋರಿಸಬಲ್ಲದು, ಅದರಿಂದ ಬಿಡಿಸಲಾರದು. ತನ್ನನ್ನು ಬಿಡಿಸುವವರು ಯಾರೆಂದು ಗೋಳಿಟ್ಟ ಪೌಲನಿಗೆ ಉತ್ತರ ಸಿಕ್ಕಿದ್ದು ಇನ್ನೊಂದು ನಿಯಮದಲ್ಲಲ್ಲ, ಯೇಸು ಕ್ರಿಸ್ತನಲ್ಲಿ. ಆರಾಧನೆ ಮುಗಿಸಿ ಹೊರಬಂದಾಗ ಕಾರು ಅಲ್ಲಿಯೇ ಇತ್ತು. ನಾನು ಮತ್ತೊಮ್ಮೆ ನೋಡಿದೆ.